ಪದಚರ್ಚೆ: ಸೈಟೇಶನ್ನಿಗೂ ‘ಉಲ್ಲೇಖ’, ರೆಫರೆನ್ಸಿಗೂ ‘ಉಲ್ಲೇಖ’?

ಎಲ್ಲರಿಗೂ ನಮಸ್ಕಾರ.

ತುರ್ತಾಗಿ ಒಂದು ಪದ ಬೇಕು. ವೈದ್ಯಕೀಯ ಪತ್ರಿಕೆಯೊಂದರ ‘ಲೇಖಕರಿಗೆ ಸೂಚನೆಗಳು’ ಭಾಗವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಕಟ್ಟುವವರ ಕೈಗೆ ಹೋಗಬೇಕು. ಎಲ್ಲ ಮುಗಿಸಿ ಒಂದೇ ಒಂದು ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಪಠ್ಯದ ನಡುವೆ ಅಂಕಿ ಹಾಕಿ ತೋರಿಸುವುದು ಸೈಟೇಶನ್, ಕೊನೆಯಲ್ಲಿ ಪೂರ್ತಿ ವಿವರ ಕೊಡುವುದು ರೆಫರೆನ್ಸ್. ಒಂದಿದ್ದು ಇನ್ನೊಂದಿಲ್ಲದಿದ್ದರೆ ಹಸ್ತಪ್ರತಿ ವಾಪಸ್. ನಿಘಂಟು ನಂಬಿ ಬರೆದದ್ದು ಹೀಗಾಯಿತು:

“ಉಲ್ಲೇಖಪಟ್ಟಿಯ ಪ್ರತಿ ಉಲ್ಲೇಖವನ್ನೂ ಪಠ್ಯದಲ್ಲಿ ಉಲ್ಲೇಖಿಸಿರಬೇಕು, ಉಲ್ಲೇಖಿಸದ ಉಲ್ಲೇಖವನ್ನು ಉಲ್ಲೇಖಪಟ್ಟಿಯಿಂದ ತೆಗೆಯಬೇಕು.”

ಮಗಳಿಗೆ ಓದಿ ಹೇಳಿದೆ. ‘ತರಿಕೆರೆ ಏರಿ ಮೇಲೆ’ ಥರದ್ದು ಅಂದುಕೊಂಡು ಅವಳೂ ಬಾಯಿಪಾಠ ಮಾಡತೊಡಗಿದಳು. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಮರು:

‘ಗ್ರಂಥಋಣ’ ಇದೆಯಲ್ಲ ಮೇಡಂ. ಎಲ್ಲ ಪ್ರಬಂಧಗಳ ಕೊನೆಯಲ್ಲೂ ಅದೇ ಇರುತ್ತದೆ. ಇದರಲ್ಲಿ ಚರ್ಚೆ ಮಾಡುವಂಥದ್ದೇನಿದೆ?

ಮರು: ಮರು:

ಇದೆ ಸ್ವಾಮಿ. ಗ್ರಂಥಋಣದಲ್ಲಿ ಓದಿ ಉಪಕಾರವಾದ ಪುಸ್ತಕಗಳೆಲ್ಲ ಬರಬಹುದು, ಪಠ್ಯದಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೂ ನಡೆಯುತ್ತದೆ. ಇವರು ಕೇಳುತ್ತಿರುವ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲಿ ಅಕಾರಾದಿಯೂ ಇಲ್ಲ. ಪಠ್ಯದಲ್ಲಿ ಯಾವುದು ಮೊದಲು ಬಂತೋ ಅದು 1, ಆಮೇಲೆ ಬಂದದ್ದು 2. ಮತ್ತೆ ಹತ್ತು ಪುಟ ಬಿಟ್ಟು ಅದೇ ಲೇಖನ ಬಂದರೂ ಅದು 1 ಆಗಿಯೇ ಉಳಿಯುತ್ತದೆ. ಅಲ್ಲದೆ ಪಟ್ಟಿಯಲ್ಲಿ ಬಹುಪಾಲು ಪತ್ರಿಕಾ ಲೇಖನಗಳು. ಗ್ರಂಥವೂ ಇಲ್ಲ, ಋಣವೂ ಇಲ್ಲ.

ತಪ್ಪಿನ ಬೇರು ಬೇರೆ ಕಡೆ ಇದೆ. ‘ಉಲ್ಲೇಖ’ವನ್ನು ಕೊನೆಯ ಪಟ್ಟಿಗೆ ಎಳೆದು ತಂದವರು ಧಾತು ನೋಡಲಿಲ್ಲ. ಉತ್ + ಲಿಖ್. ಲಿಖ್ ಅಂದರೆ ಮೂಲದಲ್ಲಿ ಗೀಚುವುದು, ಕೆರೆಯುವುದು. ಸುಶ್ರುತನ ಎಂಟು ಶಸ್ತ್ರಕರ್ಮಗಳಲ್ಲಿ ‘ಲೇಖ್ಯ’ವೂ ಒಂದು, ಅಲ್ಲಿ ಯಾರೂ ಕಾಗದ ಬರೆಯುತ್ತ ಕೂತಿಲ್ಲ, ಕೆರೆದು ತೆಗೆಯುತ್ತಿದ್ದಾರೆ. ವೈದ್ಯಕೀಯ ಪತ್ರಿಕೆಗೆ ಇದಕ್ಕಿಂತ ಹತ್ತಿರದ ಧಾತು ಬೇಕೆ? ಪಠ್ಯದ ಮೈಮೇಲೆ ಗೀಚಿದ ಗುರುತು ಉಲ್ಲೇಖ. ಆ ಗುರುತು ಎಲ್ಲಿಗೆ ಕರೆದೊಯ್ಯುತ್ತದೋ ಅದು ಆಕರ, ಅಂದರೆ ಗಣಿ. ‘ರತ್ನಾಕರ’ದಲ್ಲಿರುವುದೂ ಅದೇ. ಚರ್ಚೆ ಮುಗಿಯಿತು.

ಮರು: ಮರು: ಮರು:

ಮುಗಿದಿಲ್ಲ ಮೇಷ್ಟ್ರೇ. ‘ಆಕರ’ ಅಂದರೆ ಗಣಿ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಸೂಚನೆ ಓದುವ ಡಾಕ್ಟರಿಗೆ ಗೊತ್ತೇ? ನೀರು ಹುಟ್ಟುವ ಜಾಗಕ್ಕೆ ನಮ್ಮಲ್ಲಿ ‘ಸೆಲೆ’ ಇದೆ. ಪಠ್ಯದೊಳಗಿನದು ‘ತೋರುಗುರುತು’, ಕೊನೆಯದು ‘ಸೆಲೆಪಟ್ಟಿ’. ತೋರುಬೆರಳು ಗೊತ್ತಿರುವ ಮಗುವಿಗೂ ತೋರುಗುರುತು ಗೊತ್ತಾಗುತ್ತದೆ. ಪ್ರತಿ ಸಲ ಸಂಸ್ಕೃತದ ಬಾಗಿಲು ಬಡಿಯುವುದನ್ನು ಯಾವಾಗ ನಿಲ್ಲಿಸುತ್ತೀರಿ?

ಮರು:

ಸೆಲೆಪಟ್ಟಿಯ ‘ಪಟ್ಟಿ’ ಯಾವ ಸೆಲೆಯಿಂದ ಬಂತು? ಪಟ್ಟಿಯಲ್ಲಿ ಒಂದು ನಮೂದು ಹೀಗೆ ಮುಗಿಯುತ್ತದೆ ಅಂತಿಟ್ಟುಕೊಳ್ಳಿ: 2019;12(3):145-52. ಇದನ್ನು ವಿವರಿಸಲು ವರ್ಷ ಬೇಕು, ಅರ್ಧವಿರಾಮ ಬೇಕು, ಸಂಪುಟ, ಆವರಣ, ಸಂಚಿಕೆ, ಪುಟ ಎಲ್ಲ ಬೇಕು. ಸಂಸ್ಕೃತದಿಂದ ಬಂದದ್ದನ್ನು ಒಂದೊಂದಾಗಿ ಹೊರಗೆ ಹಾಕಿ ನೋಡಿ. ಅಂಕಿ ಮತ್ತು ಚುಕ್ಕಿ ಉಳಿಯುತ್ತವೆ. ‘ಅಂಕಿ’ಯೂ ಹೋಗುತ್ತದೆ.

ಮರು: ಮರು:

ನಾನು ವೈದ್ಯ, ಭಾಷಾಶಾಸ್ತ್ರ ಗೊತ್ತಿಲ್ಲ. ನಮ್ಮಲ್ಲಿ ಯಾರೂ ಇದಕ್ಕೆ ಕನ್ನಡ ಪದ ಹೇಳುವುದಿಲ್ಲ. “ರೆಫರೆನ್ಸ್ ಹಾಕಿದ್ರಾ?” ಅಂತಲೇ ಕೇಳುವುದು. ಹಾಗೇ ಇರಲಿ ಬಿಡಿ. ಹೀಗೆ ಅಂಕಿ ಹಾಕುವ ಕ್ರಮಕ್ಕೆ ವ್ಯಾಂಕೂವರ್ ಪದ್ಧತಿ ಅಂತ ಹೇಗೂ ಬರೆಯಲೇಬೇಕು, ಅದಕ್ಕೇನು ಕನ್ನಡ ಮಾಡುತ್ತೀರಿ? 1978ರಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಕೆನಡಾದ ಆ ಊರಲ್ಲಿ ಸೇರಿದರು, 1979ರಲ್ಲಿ ನಿಯಮಗಳು ಪ್ರಕಟವಾದವು, ಊರಿನ ಹೆಸರೇ ಪದ್ಧತಿಗೂ ಅಂಟಿತು.

ಇನ್ನೊಂದು. ಮೇಷ್ಟ್ರ ‘ಆಕರ’ದಲ್ಲಿ ಒಂದು ತೊಡಕಿದೆ. ಔಷಧ ಪ್ರಯೋಗಗಳಲ್ಲಿ ಸೋರ್ಸ್ ಡಾಕ್ಯುಮೆಂಟ್ ಅಂದರೆ ರೋಗಿಯ ಕೇಸ್‌ಶೀಟ್, ಲ್ಯಾಬ್ ರಿಪೋರ್ಟ್. ‘ಆಕರಗಳನ್ನು ಲಗತ್ತಿಸಿ’ ಅಂದರೆ ಯಾರಾದರೂ ಕೇಸ್‌ಶೀಟನ್ನೇ ಕಳಿಸಿಯಾರು.

ಮರು:

ಅದಕ್ಕೆ ‘ಮೂಲದಾಖಲೆ’. ಮುಂದಕ್ಕೆ ಹೋಗಿ.

ಮರು: ಮರು: (ಕೇಳಿದವಳು)

ಎಲ್ಲರಿಗೂ ಧನ್ಯವಾದ. ಡಾಕ್ಟ್ರೇ, ಎರಡನ್ನೂ ಇಂಗ್ಲಿಷಿನಲ್ಲೇ ಬಿಟ್ಟರೆ ವಾಕ್ಯ ಉಳಿಯುತ್ತದೆ, ನಿಜ. ಆದರೆ ಸೈಟ್ ಮಾಡು ಅಂದರೆ ಕನ್ನಡದ ಕಿವಿಗೆ ಮನೆ ಕಟ್ಟುವ ಸೈಟು ಬರುತ್ತದೆ! ಮೇಷ್ಟ್ರು ಹೇಳಿದ್ದನ್ನು ಹಾಕಿ ನೋಡಿದೆ:

“ಆಕರಪಟ್ಟಿಯಲ್ಲಿರುವ ಪ್ರತಿಯೊಂದನ್ನೂ ಪಠ್ಯದಲ್ಲಿ ಉಲ್ಲೇಖಿಸಿರಬೇಕು, ಉಲ್ಲೇಖಿಸದ ಆಕರವನ್ನು ಪಟ್ಟಿಯಿಂದ ತೆಗೆಯಬೇಕು.”

ಮಗಳು ‘ಇದು ಚೆನ್ನಾಗಿಲ್ಲ’ ಅಂದಳು, ಅಂದರೆ ಸರಿಯಾಗಿದೆ. ಇನ್ನೆರಡು ಸಣ್ಣ ಅನುಮಾನ. ಅಂಕಿಯನ್ನು ಎಲ್ಲಿ ಕೂರಿಸುವುದು? ‘ಅಧ್ಯಯನ(3)ದಲ್ಲಿ’ ಅಂತಲೋ ‘ಅಧ್ಯಯನದಲ್ಲಿ(3)’ ಅಂತಲೋ? ಆರು ಲೇಖಕರ ಹೆಸರು ಕೊಟ್ಟ ಮೇಲೆ ಬರುವ ‘ಎಟ್ ಆಲ್’ಗೆ ಏನು ಹಾಕಲಿ, ‘ಮತ್ತಿತರರು’ ಸಾಕೇ?

ಮರು:

ಪ್ರಕೃತಿಗೂ ಪ್ರತ್ಯಯಕ್ಕೂ ನಡುವೆ ಅಂಕಿ ತುರುಕಬೇಡಿ. ಪದ ಪೂರ್ತಿಯಾಗಲಿ, ಆಮೇಲೆ ಅಂಕಿ. ಇದನ್ನೂ ಕೇಳಬೇಕೆ?

ಮರು: ಮರು:

ಕೇಳಬೇಕು ಮೇಷ್ಟ್ರೇ, ಇದರಲ್ಲೇ ನಮ್ಮಂಥ ವೈದ್ಯರ ಸಂಕಟ ಇರುವುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಎಲ್ಲರೂ ಅಂಕಿಗಳನ್ನೆಲ್ಲ ‘ಕಂಡುಬಂದಿದೆ’ಯ ಬಾಲಕ್ಕೆ ಕಟ್ಟುತ್ತಾರೆ. “ಈ ಔಷಧದಿಂದ ಜ್ವರ ಇಳಿಯುತ್ತದೆ ಎಂದೂ ಮೂತ್ರಪಿಂಡಕ್ಕೆ ತೊಂದರೆಯಿಲ್ಲ ಎಂದೂ ಕಂಡುಬಂದಿದೆ(3,4).” ಜ್ವರದ್ದು 3, ಮೂತ್ರಪಿಂಡದ್ದು 4. ಓದುವವನಿಗೆ ಎರಡಕ್ಕೂ ಎರಡೆರಡು ಪುರಾವೆ ಇದೆ ಅನ್ನಿಸುತ್ತದೆ. ‘ಇಳಿಯುತ್ತದೆ ಎಂದೂ(3)’, ‘ತೊಂದರೆಯಿಲ್ಲ ಎಂದೂ(4)’ ಅಂತ ಬಿಡಿಸಿ ಹಾಕಲು ಹೇಳಿ ಮೇಡಂ. ಪದ ಯಾವುದಾದರೂ ಇರಲಿ, ಇದೊಂದನ್ನು ಸೂಚನೆಯಲ್ಲಿ ಸೇರಿಸಿದರೆ ಪುಣ್ಯ ಬರುತ್ತದೆ.

ಮರು:

‘ಮತ್ತಿತರರು’ ಬೇಡ. ‘ಮೊದಲಾದವರು’ ಅನ್ನಿ. ಮೊದಲ ಲೇಖಕರು ಯಾರು ಅನ್ನುವುದಕ್ಕೆ ಇವರಲ್ಲಿ ಅಷ್ಟು ಬೆಲೆಯಿದೆ, ಕನ್ನಡದ ಪದದೊಳಗೇ ಆ ‘ಮೊದಲು’ ಕೂತಿದೆ. ಸಂಸ್ಕೃತದ ‘ಇತರ’ಕ್ಕೆ ಕೈಚಾಚಬೇಕಾಗಿಲ್ಲ.

ಮರು: ಮರು:

ಆರು ಹೆಸರು ಬರೆದ ಮೇಲೆ ‘ಮೊದಲಾದವರು’ ಅಂದರೆ ಆರೂ ಜನ ಮೊದಲಿಗರೇ? ಲ್ಯಾಟಿನ್ನಿನಲ್ಲಿ ಇರುವುದು ‘ಮತ್ತು ಇತರರು’. ಇರುವುದನ್ನು ಬರೆಯಿರಿ. ಅಚ್ಚಗನ್ನಡದ ಹಟಕ್ಕೆ ಅರ್ಥ ಬಲಿಯಾಗಬಾರದು.

ಮರು: ಮರು: ಮರು:

ಲ್ಯಾಟಿನ್ನಿಗೆ ನಿಷ್ಠೆ, ಸಂಸ್ಕೃತಕ್ಕೆ ನಿಷ್ಠೆ. ಕನ್ನಡಕ್ಕೆ?

ಮರು: (ಕೇಳಿದವಳು)

ಜಗಳ ಮುಂದುವರಿಯಲಿ, ನನ್ನ ಪುಟ ಹೋಯಿತು. ‘ಉಲ್ಲೇಖ’, ‘ಆಕರಪಟ್ಟಿ’, ‘ಮತ್ತಿತರರು’. ಡಾಕ್ಟ್ರ ಜ್ವರ-ಮೂತ್ರಪಿಂಡದ ಉದಾಹರಣೆಯನ್ನು ಹಾಗೇ ಹಾಕಿದ್ದೇನೆ. ‘145-52’ ಅಂದರೆ 145ರಿಂದ 152 ಎಂದೂ ಒಂದು ಸಾಲು ಸೇರಿಸಿದೆ, ಇಲ್ಲದಿದ್ದರೆ ಕರಡು ತಿದ್ದುವವರು ಅದನ್ನು ‘ಸರಿ’ ಮಾಡಿಬಿಡುತ್ತಾರೆ.

ಈಗಷ್ಟೇ ಪುಟ ಕಟ್ಟುವವರು ಫೋನ್ ಮಾಡಿದ್ದರು. “ಮೇಡಂ, ‘ಆಕಾರಪಟ್ಟಿ’ಯಲ್ಲಿ ದೀರ್ಘ ಬಿಟ್ಟುಹೋಗಿದೆ, ಎಲ್ಲ ಕಡೆ ಹಾಕಿಬಿಡ್ಲಾ?”