ಒಂದೇ ಫೋಟೊ, ಇಬ್ಬರ ಎಣಿಕೆ: ಹವಳದ ಕವರ್ ಯಾಕೆ ತಾಳೆ ಆಗ್ತಿಲ್ಲ?

ಟಿಳಕವಾಡಿ_ತೇಲು (ಬೆಳಗಾವಿ):

ಎಲ್ಲರಿಗೂ ನಮಸ್ಕಾರ. ಮಾಲ್ವಣದ ಹತ್ತಿರ ಸಮುದ್ರದಲ್ಲಿ, ಕಡಿಮೆ ಆಳದಲ್ಲಿ, ನಮ್ಮ ಗುಂಪು ತಳದ ಮೇಲೆ ಚೌಕಟ್ಟು ಇಟ್ಟು ತೆಗೆದ 40 ಫೋಟೊ ಇವೆ. ಚೌಕಟ್ಟು ಅರ್ಧ ಮೀಟರಿನದು, ಪಿವಿಸಿ ಪೈಪಿನಲ್ಲಿ ಮನೆಯಲ್ಲೇ ಮಾಡಿದ್ದು. ಒಂದೊಂದು ಫೋಟೊಗೆ 25 ಚುಕ್ಕೆ, ಒಟ್ಟು 1000. ಪ್ರತಿ ಚುಕ್ಕೆಯ ಕೆಳಗೆ ಏನಿದೆ ಅಂತ ಗುರುತಿಸಬೇಕು; ನೂರು ಚುಕ್ಕೆಗೆ ಎಷ್ಟು ಹವಳದ ಮೇಲೆ ಬಿದ್ದಿವೆ ಅನ್ನೋದೇ ಹವಳದ ಕವರ್. ನಾನು ಬೆಳಗಾವಿಯಲ್ಲಿ ಕೂತು ಎಣಿಸಿದೆ, ನನ್ನ ಡೈವಿಂಗ್ ಜೋಡಿ ಬಾಗಲಕೋಟೆಯಲ್ಲಿ ಕೂತು ಎಣಿಸಿದಳು. ಸಾಫ್ಟ್‌ವೇರ್ ಇಬ್ಬರದೂ ಸಿಪಿಸಿಇ, ಫೋಟೊ ಮೇಲೆ ಚುಕ್ಕೆ ಹಾಕಿಕೊಡುತ್ತೆ. ಹವಳ, ಪಾಚಿ, ನೆರಳು ಅಂತ ಗುರುತಿಸುವ ಕೋಡ್ ಪಟ್ಟಿಯೂ ಒಂದೇ.

ಆದರೆ ಗಟ್ಟಿ ಹವಳ ಅವಳಿಗೆ ನೂರಕ್ಕೆ ಎಷ್ಟು ಬಂತೋ ಅದಕ್ಕಿಂತ ನನಗೆ 13 ಜಾಸ್ತಿ ಬಂದಿದೆ. ಸಂಖ್ಯೆ ಇನ್ನೂ ಗಟ್ಟಿ ಆಗಿಲ್ಲ, ಹಾಗಾಗಿ ಪೂರ್ತಿ ಲೆಕ್ಕ ಇಲ್ಲಿ ಹಾಕೋದಿಲ್ಲ. ಫೋಟೊಗಳ ಬೆಳಕು, ಬಣ್ಣ ತಿದ್ದಿ ನೋಡಿದ್ದಾಯಿತು. ವ್ಯತ್ಯಾಸ ಹಾಗೇ ಇದೆ. ಇದನ್ನು ಕೋರಲ್‌ನೆಟ್‌ಗೆ (ಚುಕ್ಕೆಗಳನ್ನು ಕಂಪ್ಯೂಟರೇ ಗುರುತಿಸುವ ವೆಬ್‌ಸೈಟ್) ಹಾಕಿ, ಯಂತ್ರ ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ಳೋಣ ಅನ್ನೋದು ನನ್ನ ಯೋಚನೆ. ಅವಳು ಬೇಡ ಅಂತಾಳೆ. ಯಾರಾದರೂ ದಾರಿ ತೋರಿಸಿ.

ಜೋಳದರೊಟ್ಟಿ (ವಿಜಯಪುರ):

ಅಣ್ಣಾ, 25 ಚುಕ್ಕೆ ಕಡಿಮೆ ಆಯ್ತು. 100 ಹಾಕಿ, ತಾನೇ ಸರಿಹೋಗುತ್ತೆ.

ನವಿಲುತೀರ್ಥ (ಸವದತ್ತಿ):

ಚುಕ್ಕೆ ಜಾಸ್ತಿ ಮಾಡುವುದರಿಂದ ಇದು ಸರಿಹೋಗಲ್ಲ. ಸಣ್ಣ ಲೆಕ್ಕ ನೋಡಿ. ಹವಳ ನೂರಕ್ಕೆ 30 ಇದೆ ಅಂತ ಇಟ್ಟುಕೊಳ್ಳಿ. ಎಲ್ಲಾ ಫೋಟೊ ಸೇರಿ ಒಟ್ಟು 100 ಚುಕ್ಕೆಯಲ್ಲಿ ಅಳೆದರೆ ಬರೀ ಅದೃಷ್ಟದಿಂದಲೇ ಉತ್ತರ ಸುಮಾರು 9 ಆಚೆ ಈಚೆ ಹೋಗಬಹುದು. ನಿಮ್ಮ ಹಾಗೆ ಒಟ್ಟು 1000 ಚುಕ್ಕೆಯಲ್ಲಿ ಅದು 3ರ ಒಳಗೆ ಬರುತ್ತೆ. ಒಂದೇ ಫೋಟೊದ ಚುಕ್ಕೆಗಳು ಅಕ್ಕಪಕ್ಕ ಇರುವುದರಿಂದ ನಿಜವಾದ ಏರುಪೇರು ಇನ್ನೂ ಸ್ವಲ್ಪ ಜಾಸ್ತಿಯೇ. ಆದರೆ ನೀವಿಬ್ಬರೂ ಎಣಿಸಿದ್ದು ಅವೇ ಫೋಟೊ. ಹಾಗಿದ್ದೂ 13ರ ಅಂತರ ಅಂದರೆ ಅದು ಅದೃಷ್ಟದ ಆಟ ಅಲ್ಲ, ಎಲ್ಲೋ ಕಾರಣ ಕೂತಿದೆ. ಇನ್ನೊಂದು ಮಾತು. ಸಮಯ ಇದ್ದರೆ ಒಂದು ಫೋಟೊಗೆ ಚುಕ್ಕೆ ಹೆಚ್ಚಿಸುವ ಬದಲು ಫೋಟೊಗಳನ್ನೇ ಹೆಚ್ಚಿಸಿ. ಸಮುದ್ರದ ತಳ ಜಾಗದಿಂದ ಜಾಗಕ್ಕೆ ಬದಲಾಗುತ್ತೆ, ಒಂದೇ ಚೌಕದಲ್ಲಿ ಎಷ್ಟು ಅಗೆದರೂ ಅದು ಕಾಣಲ್ಲ.

ಕೋರಲ್‌ನೆಟ್ ಬಗ್ಗೆ ನಿಮ್ಮ ಜೋಡಿ ಹೇಳಿದ್ದೇ ಸರಿ. ಆ ಯಂತ್ರ ಚುಕ್ಕೆಯ ಸುತ್ತಲಿನ ಸಣ್ಣ ತುಂಡು ಚಿತ್ರ ನೋಡುತ್ತೆ. ಅದಕ್ಕೆ ಯಾವ ಹೆಸರು ಹಚ್ಚಬೇಕು ಅನ್ನೋದನ್ನು ನೀವು ಹಚ್ಚಿದ ಹೆಸರುಗಳಿಂದಲೇ ಕಲಿಯುತ್ತೆ. ನಿಮ್ಮ ಎಣಿಕೆ ಕೊಟ್ಟು ಕಲಿಸಿದರೆ ನಿಮ್ಮ ಹಾಗೆ ಹೇಳುತ್ತೆ, ಅವರ ಎಣಿಕೆ ಕೊಟ್ಟರೆ ಅವರ ಹಾಗೆ. ಜಗಳ ಬಿಡಿಸುವ ಪಂಚ ಅದಲ್ಲ.

ಎರಡು ಪ್ರಶ್ನೆ. ಚುಕ್ಕೆಗಳು ಇಬ್ಬರಿಗೂ ಅದೇ ಜಾಗದಲ್ಲಿ ಬಿದ್ದಿವೆಯಾ? ಟೇಪ್, ಪೈಪ್, ನೆರಳಿನ ಮೇಲೆ ಬಿದ್ದ ಚುಕ್ಕೆಗಳನ್ನು ಏನು ಮಾಡಿದಿರಿ?

ಟಿಳಕವಾಡಿ_ತೇಲು:

ಸರ್, ಚುಕ್ಕೆ ಬೇರೆ ಬೇರೆ. ಇಬ್ಬರೂ ನಮ್ಮ ನಮ್ಮ ಲ್ಯಾಪ್‌ಟಾಪಿನಲ್ಲಿ ಫೋಟೊ ತೆರೆದು ಹೊಸದಾಗಿ ಚುಕ್ಕೆ ಹಾಕಿಸಿದ್ದೇವೆ. ಈಗ ಚುಕ್ಕೆಗಳ ಜಾಗ, ಕೋಡ್ ಉಳಿಸಿಟ್ಟ ನನ್ನ ಸಿಪಿಸಿ ಫೈಲ್‌ಗಳನ್ನು ಅವಳಿಗೆ ಕಳಿಸಿದೆ. ಅವಳ ಹತ್ತಿರ ಫೋಟೊ ಇದ್ದರೂ ಫೈಲ್ ತೆರೆದರೆ ಚಿತ್ರ ಸಿಗಲಿಲ್ಲ ಅನ್ನುತ್ತೆ. ನೆರಳು, ಟೇಪಿಗೆ ಬೇರೆ ಕೋಡ್ ಇದೆ, ಇಬ್ಬರೂ ಅದನ್ನೇ ಹಾಕಿದ್ದೇವೆ.

ನವಿಲುತೀರ್ಥ:

ಚಿತ್ರ ಸಿಗದೇ ಇರುವುದು ಸಣ್ಣ ವಿಷಯ. ಸಿಪಿಸಿ ಫೈಲ್ ಅಂದರೆ ಬರೀ ಅಕ್ಷರಗಳ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೊದಲ ಸಾಲಿನಲ್ಲೇ ಕೋಡ್ ಪಟ್ಟಿ ಎಲ್ಲಿದೆ, ಫೋಟೊ ಯಾವ ಫೋಲ್ಡರಿನಲ್ಲಿದೆ ಅಂತ ನಿಮ್ಮ ಲ್ಯಾಪ್‌ಟಾಪಿನ ವಿಳಾಸ ಬರೆದಿರುತ್ತೆ. ಅವರ ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರೇ ಇಲ್ಲ, ಅಲ್ವಾ? ಹುಡುಕಿ ಬದಲಿಸುವ ಆಯ್ಕೆ ಬಳಸಿ ಅವರ ವಿಳಾಸ ಹಾಕಿ. ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಇದಕ್ಕಿಂತ ಸುಲಭ ಅಂದರೆ ಇಬ್ಬರೂ ಡಿ ಡ್ರೈವ್‌ನಲ್ಲಿ ಒಂದೇ ಹೆಸರಿನ ಫೋಲ್ಡರ್ ಮಾಡಿಕೊಂಡುಬಿಡಿ.

ಆದರೆ ಈಗ ಕಳಿಸಿದ ಫೈಲ್‌ಗಳನ್ನು ಬಳಸಬೇಡಿ! ಅದರಲ್ಲಿ ನಿಮ್ಮ ಉತ್ತರಗಳು ಆಗಲೇ ತುಂಬಿವೆ. ಅದನ್ನು ನೋಡುತ್ತಾ ಎಣಿಸಿದರೆ ಯಾರೇ ಆದರೂ ನಿಮ್ಮ ಕಡೆಗೆ ವಾಲುತ್ತಾರೆ. 40 ಫೋಟೊ ಹೆಸರು ಚೀಟಿಯಲ್ಲಿ ಬರೆದು 10 ಎತ್ತಿ. ಚೆನ್ನಾಗಿ ಬಂದಿರುವ ಫೋಟೊ ಅಂತ ಆರಿಸಬೇಡಿ. ಆ ಹತ್ತಕ್ಕೆ ಚುಕ್ಕೆ ಹಾಕಿಸಿ, ಒಂದಕ್ಕೂ ಕೋಡ್ ಕೊಡದೆ ಉಳಿಸಿ. ಆ ಖಾಲಿ ಪ್ರತಿ ಇಬ್ಬರಿಗೂ. ಎಣಿಕೆ ಮುಗಿಯುವ ತನಕ ಫೋನಿನಲ್ಲಿ ಮಾತಾಡಬೇಡಿ.

ವಿದ್ಯಾಗಿರಿ_ಅಲೆ (ಬಾಗಲಕೋಟೆ):

ನಾನೇ ಆ ಜೋಡಿ. ನೆರಳಿನ ಪ್ರಶ್ನೆಗೆ ಉತ್ತರ ಸಿಕ್ಕಿತು ಅನ್ಸುತ್ತೆ. ಇವನು ಸಿಪಿಸಿಇ ಕೊಡುವ ಎಕ್ಸೆಲ್ ಹಾಳೆಯ ಶೇಕಡಾವನ್ನು ನೇರ ತೆಗೆದುಕೊಂಡಿದ್ದಾನೆ. ನಾನು ಕೋಡ್‌ಗಳನ್ನು ನನ್ನದೇ ಎಕ್ಸೆಲ್‌ಗೆ ತಂದು, ಪ್ರತಿ ಫೋಟೊವನ್ನೂ 25ರಿಂದ ಭಾಗಿಸಿದ್ದೆ. ಆ ಸಾಫ್ಟ್‌ವೇರ್ ಟೇಪ್, ಕೋಲು, ನೆರಳಿನ ಚುಕ್ಕೆಗಳನ್ನು ಒಟ್ಟಿನಿಂದ ಕಳೆದು ಆಮೇಲೆ ಶೇಕಡಾ ಹಾಕುತ್ತೆ.

ನಮ್ಮ ಫೋಟೊದಲ್ಲಿ ನೆರಳು ಜಾಸ್ತಿ. ನಡು ಮಧ್ಯಾಹ್ನ, ಕಡಿಮೆ ಆಳ. ಕ್ಯಾಮೆರಾ ಹಿಡಿದವನ ಮೈನೆರಳು ಎಷ್ಟೋ ಫೋಟೊದಲ್ಲಿ ಚೌಕಟ್ಟಿನ ಒಂದು ಮೂಲೆಯನ್ನೇ ತಿಂದುಹಾಕಿದೆ. ಕ್ಯಾಮೆರಾ ಹಿಡಿದವನು ಯಾರು ಅಂತ ನಾನು ಹೇಳಲ್ಲ.

ನವಿಲುತೀರ್ಥ:

ಸಿಕ್ಕಿತು ನೋಡ್ರೀ ಮೊದಲನೇ ಕಾರಣ. 100 ಚುಕ್ಕೆಯಲ್ಲಿ 24 ಹವಳ, 20 ನೆರಳು ಅಂತ ಇಟ್ಟುಕೊಂಡರೆ, 100ರಿಂದ ಭಾಗಿಸಿದಾಗ 24 ಬರುತ್ತೆ. 80ರಿಂದ ಭಾಗಿಸಿದರೆ 30. ಒಂದು ಚುಕ್ಕೆಯ ಬಗ್ಗೆಯೂ ಜಗಳ ಇಲ್ಲದೆ 6 ಅಂತರ ಬಂತು. ನೆರಳಿನ ಕೆಳಗೆ ಏನಿದೆ ಅಂತ ನಮಗೆ ಕಾಣಲ್ಲ, ಅದಕ್ಕೇ ಕಳೆಯುವುದು ವಾಡಿಕೆ. ಇಬ್ಬರೂ ಕಳೆದೇ ಲೆಕ್ಕ ಹಾಕಿ. ಆದರೆ ಯಾವುದಾದರೂ ಫೋಟೊದಲ್ಲಿ ನೆರಳೇ ಅರ್ಧ ಇದ್ದರೆ ಆ ಫೋಟೊ ಕೈಬಿಡಿ. ಹತ್ತು ಹನ್ನೆರಡು ಚುಕ್ಕೆಯ ಮೇಲೆ ಒಂದು ಚೌಕದ ಭವಿಷ್ಯ ಹೇಳಲಿಕ್ಕಾಗಲ್ಲ.

ಟಿಳಕವಾಡಿ_ತೇಲು:

ಭಾಗಿಸುವ ಸಂಖ್ಯೆ ಸರಿಮಾಡಿದ ಮೇಲೆ ಅಂತರ ಇಳಿಯಿತು, ಆದರೆ ಹೋಗಲಿಲ್ಲ. ಈಗ ಖಾಲಿ ಪ್ರತಿ ಮಾಡಿ ಇಬ್ಬರೂ ಬೇರೆ ಬೇರೆ ಎಣಿಸಿದ್ದೇವೆ. ಮುಂದೆ?

ನವಿಲುತೀರ್ಥ:

ಈಗ ಒಟ್ಟು ಶೇಕಡಾ ಕಡೆ ನೋಡಲೇಬೇಡಿ. ಎಕ್ಸೆಲ್‌ನಲ್ಲಿ 250 ಸಾಲು ಮಾಡಿ, ಒಂದು ಸಾಲು ಒಂದು ಚುಕ್ಕೆ. ಒಂದು ಕಾಲಂನಲ್ಲಿ ನಿಮ್ಮ ಕೋಡ್, ಪಕ್ಕದ ಕಾಲಂನಲ್ಲಿ ಅವರ ಕೋಡ್. ಅದಕ್ಕೆ ಪಿವಟ್ ಟೇಬಲ್ ಹಾಕಿ, ಯಾವ ಎರಡು ಕೋಡ್ ಎಷ್ಟು ಸಲ ಜೊತೆಗೆ ಬಂದಿವೆ ಅಂತ ಅದು ಎಣಿಸಿಕೊಡುತ್ತೆ. ಅಡ್ಡ ಸಾಲಿನಲ್ಲಿ ನಿಮ್ಮ ಕೋಡ್‌ಗಳು, ಉದ್ದ ಸಾಲಿನಲ್ಲಿ ಅವರವು. ಇಬ್ಬರೂ ಒಪ್ಪಿದ ಚುಕ್ಕೆಗಳು ಕರ್ಣದ ಮೇಲೆ ಕೂರುತ್ತವೆ. ನೋಡಬೇಕಾದ್ದು ಕರ್ಣದಿಂದ ಹೊರಗೆ ಎಲ್ಲಿ ರಾಶಿ ಬಿದ್ದಿದೆ ಅಂತ.

ಒಟ್ಟು ಶೇಕಡಾ ತಾಳೆಯಾದರೂ ಈ ಕೋಷ್ಟಕ ಮಾಡಬೇಕು ಅನ್ನೋದು ನನ್ನ ಹಟ. ಒಬ್ಬರು ಸ್ಪಂಜನ್ನು ಹವಳ ಅಂತ, ಇನ್ನೊಬ್ಬರು ಕೆಂಪು ಸುಣ್ಣಪಾಚಿಯನ್ನು ಹವಳ ಅಂತ ಎಣಿಸಿದರೂ ಕೊನೆಗೆ ಸಂಖ್ಯೆ ಒಂದೇ ಬರಬಹುದು. ಆಗ ಯಾರಿಗೂ ಅನುಮಾನವೇ ಬರಲ್ಲ.

ಟಿಳಕವಾಡಿ_ತೇಲು:

ಸರ್, ಕೋಷ್ಟಕ ಬಂತು. ಕರ್ಣದಿಂದ ಹೊರಗೆ ಎರಡೇ ಮನೆಯಲ್ಲಿ ರಾಶಿ. ಒಂದು, ನಾನು ಗಟ್ಟಿ ಹವಳ ಅಂದಿದ್ದನ್ನು ಅವಳು ಝೋಆಂಥಿಡ್ (ಹವಳದ ಹಾಗೆ ಕಾಣುವ ಮೆತ್ತನೆಯ ಜೀವಿ) ಅಂದಿದ್ದಾಳೆ. ಇನ್ನೊಂದು, ನಾನು ಸತ್ತ ಹವಳ ಅಂದಿದ್ದು ಅವಳಿಗೆ ಟರ್ಫ್, ಅಂದರೆ ಹುಲ್ಲುಹಾಸಿನ ಹಾಗಿನ ಗಿಡ್ಡ ಪಾಚಿ.

ಮೊದಲನೆಯದಕ್ಕೆ ಒಂದು ಫೋಟೊ ಹಾಕಿದ್ದೇನೆ. ಬಲಗಡೆ ಕೆಳಗೆ ನೋಡಿ. ಕಂದು ಹಳದಿ ಬಣ್ಣ, ಒತ್ತೊತ್ತಾಗಿ ಜೋಡಿಸಿದ ಅಂಗಿ ಗುಂಡಿಗಳ ಹಾಗೆ ದುಂಡು ದುಂಡು. ಪಕ್ಕದಲ್ಲೇ ಗೋನಿಯಾಸ್ಟ್ರಿಯಾ ಹವಳ ಇದೆ. ಎರಡರ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ನನ್ನ ಕಣ್ಣಿಗೆ ಎರಡೂ ಒಂದೇ.

ನವಿಲುತೀರ್ಥ:

ಫೋಟೊವನ್ನು ಪೂರ್ತಿ ದೊಡ್ಡದು ಮಾಡಿ, ದುಂಡು ಮತ್ತು ದುಂಡಿನ ನಡುವಿನ ಜಾಗ ನೋಡಿ. ಗೋನಿಯಾಸ್ಟ್ರಿಯಾದಲ್ಲಿ ಅಕ್ಕಪಕ್ಕದ ಎರಡು ದುಂಡಿಗೆ ಒಂದೇ ಗೋಡೆ. ಆ ಗೋಡೆ ಸುಣ್ಣದ ಏಣು, ಅದರಿಂದ ಒಳಗಿನ ಗುಳಿಗೆ ಸಣ್ಣ ಸಣ್ಣ ಹಲ್ಲುಗೆರೆಗಳು ಇಳಿಯುತ್ತವೆ. ನೀವು ತೋರಿಸಿದ ಬಲಗಡೆಯದರಲ್ಲಿ ಗೋಡೆಯೂ ಇಲ್ಲ, ಗೆರೆಯೂ ಇಲ್ಲ. ನಡುವೆ ನಯವಾದ ದಪ್ಪ ಚರ್ಮ. ಎರಡು ಮೂರು ಕಡೆ ಬಾಯಿ ತೆರೆದಿದೆ, ಅಲ್ಲಿ ಅಂಚಿನ ಸುತ್ತ ಎಳೆಗಳು ಎರಡು ಸುತ್ತಿನಲ್ಲಿವೆ. ಅದು ಝೋಆಂಥಿಡ್. ಈ ಫೋಟೊದಲ್ಲಿ ಕಾಣುವುದು ಪಾಲಿಥೋವಾ ಕುಲದ ಹಾಗಿದೆ. ಅದು ಮರಳಿನ ಕಣಗಳನ್ನು ತನ್ನ ಮೈಯಲ್ಲೇ ಸೇರಿಸಿಕೊಳ್ಳುತ್ತೆ, ಅದಕ್ಕೇ ಮಾಸಲಾಗಿ ಕಾಣೋದು.

ಇದು ಹವಳದ ದೂರದ ಸಂಬಂಧಿಯೇ. ಆದರೆ ಸುಣ್ಣದ ಅಸ್ಥಿಪಂಜರ ಕಟ್ಟಲ್ಲ. ದಿಬ್ಬ ಕಟ್ಟುವ ಹವಳ ಎಷ್ಟಿದೆ ಅನ್ನೋದೇ ನಿಮ್ಮ ಪ್ರಶ್ನೆ ಆಗಿದ್ದರೆ ಇದನ್ನು ಅದರಲ್ಲಿ ಸೇರಿಸಲೇಬಾರದು.

ಅನುಮಾನ ಬಂತು ಅಂತ ಮುಂದಿನ ಸಲ ಕೈಯಲ್ಲಿ ಮುಟ್ಟಿ ನೋಡಲು ಹೋಗಬೇಡಿ. ಪಾಲಿಥೋವಾದ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಇರುತ್ತೆ, ಭಯಂಕರ ವಿಷ. ಹವಳದ ಚೂರು ಮುರಿದು ತರುವುದಂತೂ ದೂರದ ಮಾತು. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಚೌಕಟ್ಟಿನ ಫೋಟೊ ತೆಗೆದ ಮೇಲೆ, ಗೊಂದಲ ಇರುವ ಕಡೆ ಒಂದು ಹತ್ತಿರದ ಫೋಟೊ ತೆಗೆಯಿರಿ, ಸಾಕು.

ಕೋಷ್ಟಕದ ಎರಡನೇ ಮನೆಯ ಬಗ್ಗೆ. ಅದು ನಿಮ್ಮ ಹವಳದ ಸಂಖ್ಯೆಯನ್ನು ಮುಟ್ಟಲ್ಲ, ಆದರೆ ಪಾಚಿಯ ಸಂಖ್ಯೆಯನ್ನು ತಲೆಕೆಳಗು ಮಾಡುತ್ತೆ. ಹವಳ ಸತ್ತ ಕೆಲವೇ ದಿನದಲ್ಲಿ ಅದರ ಮೇಲೆ ಟರ್ಫ್ ಹತ್ತುತ್ತೆ. ಹಾಗಾಗಿ ನೀವು ಹೇಳಿದ್ದು ಕೆಳಗಿನ ಪದರ, ಅವರು ಹೇಳಿದ್ದು ಮೇಲಿನ ಪದರ. ಎರಡೂ ಅಲ್ಲೇ ಇವೆ! ಇದಕ್ಕೆ ಉತ್ತರ ಫೋಟೊದಲ್ಲಿಲ್ಲ, ನಿಯಮದಲ್ಲಿದೆ. ಎಷ್ಟೋ ಕೋಡ್ ಪಟ್ಟಿಯಲ್ಲಿ ಪಾಚಿ ಹತ್ತಿದ ಸತ್ತ ಹವಳ ಅಂತಲೇ ಒಂದು ಕೋಡ್ ಇರುತ್ತೆ. ಹವಳದ ಆಕಾರ ಇನ್ನೂ ಗುರುತು ಸಿಕ್ಕರೆ ಆ ಕೋಡ್, ಸಿಗದಿದ್ದರೆ ಟರ್ಫ್. ಮೈ ಬೆಳ್ಳಗಿದ್ದು ಪಾಚಿ ಹತ್ತದೇ ಇದ್ದರೆ ಇನ್ನೂ ಹುಷಾರು. ಬ್ಲೀಚ್ ಆದ, ಅಂದರೆ ಬಣ್ಣ ಕಳೆದುಕೊಂಡ ಹವಳ ಜೀವಂತ, ಪಾರದರ್ಶಕ ಮಾಂಸ ಇನ್ನೂ ಅಂಟಿಕೊಂಡಿರುತ್ತೆ. ಅದನ್ನು ಸತ್ತಿದ್ದಕ್ಕೆ ಸೇರಿಸಬಾರದು.

ವಿದ್ಯಾಗಿರಿ_ಅಲೆ:

ಸರ್, ಸರ್ಗಾಸಂ ಬಂದಾಗ? ಎತ್ತರದ ಪಾಚಿ ಅಲೆಗೆ ಬಾಗಿ ಹವಳದ ಮೇಲೆ ಮಲಗಿರುತ್ತೆ. ಚುಕ್ಕೆ ಪಾಚಿಯ ಮೇಲೆ ಬೀಳುತ್ತೆ, ಹವಳ ಕೆಳಗೆ.

ನವಿಲುತೀರ್ಥ:

ಮೇಲಿಂದ ಕಂಡಿದ್ದನ್ನೇ ಬರೆಯಿರಿ. ಆದರೆ ವರದಿಯಲ್ಲಿ ತಿಂಗಳು ಕಡ್ಡಾಯ. ಮಳೆಗಾಲ ಮುಗಿದ ಮೇಲೆ ಪಶ್ಚಿಮ ಕರಾವಳಿಯಲ್ಲಿ ಸರ್ಗಾಸಂ ಜೋರು, ಬೇಸಿಗೆಯಲ್ಲಿ ಕಡಿಮೆ. ನವೆಂಬರ್ ಮತ್ತು ಏಪ್ರಿಲ್ ಫೋಟೊ ಹೋಲಿಸಿ ಹವಳ ಹೆಚ್ಚಿತು ಅಂತ ಸಂಭ್ರಮ ಪಟ್ಟವರಿದ್ದಾರೆ. ಪಾಚಿ ಇಳಿದಿತ್ತು, ಅಷ್ಟೇ.

ಮೇಷ್ಟ್ರು_ಕಲಾದಗಿ:

ನಾನು ಸಮುದ್ರಕ್ಕೆ ಇಳಿದವನಲ್ಲ. ಆದರೆ ಮಕ್ಕಳಿಗೆ ಇದೇ ಅಭ್ಯಾಸ ಮಾಡಿಸುತ್ತೇನೆ, ಬಂಡೆ ಮೇಲಿನ ಕಲ್ಲುಹೂವಿನ ಮೇಲೆ. ಪೈಪಿನ ಚೌಕಟ್ಟು, ಫೋಟೊ, ಚುಕ್ಕೆ, ಈ ಕೋಷ್ಟಕ, ಎಲ್ಲಾ ನಡೆಯುತ್ತೆ. ನೆಲದ ಮೇಲೆ ಒಂದು ಲಾಭ ಇದೆ, ಅನುಮಾನ ಬಂದರೆ ಎದ್ದು ಹೋಗಿ ಭೂತಕನ್ನಡಿ ಹಿಡಿದು ನೋಡಬಹುದು. ಡೈವಿಂಗ್ ಖರ್ಚಿಲ್ಲದೆ ಇಬ್ಬರ ಕಣ್ಣು ಹೊಂದಿಸಿಕೊಳ್ಳಬಹುದು. ನಮ್ಮ ಕಲಾದಗಿ ಸೀಮೆಯ ಸುಣ್ಣದ ಬಂಡೆಗಳಲ್ಲಿ ಸ್ಟ್ರೊಮಟೊಲೈಟ್ ಪದರಗಳೂ ಇವೆ. ಅವು ಹವಳ ಅಲ್ಲ, ಹವಳ ಹುಟ್ಟುವುದಕ್ಕಿಂತ ಎಷ್ಟೋ ಕೋಟಿ ವರ್ಷ ಮುಂಚೆ ಸೂಕ್ಷ್ಮಜೀವಿಗಳು ಸಮುದ್ರದಲ್ಲಿ ಕಟ್ಟಿದ್ದು. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಜೋಳದರೊಟ್ಟಿ:

ಮೇಷ್ಟ್ರೇ, ಒಂದಿನ ತೋರಿಸ್ರಿ. ವಿಜಯಪುರದಿಂದ ಬಂದೇ ಬರ್ತೀನಿ.

ಟಿಳಕವಾಡಿ_ತೇಲು:

ನಿಯಮ ಬರೆದುಕೊಂಡು ಬೇರೆ ಹತ್ತು ಫೋಟೊ ಎತ್ತಿ ಎಣಿಸಿದೆವು. ಝೋಆಂಥಿಡ್ ಮನೆ ಬಹುತೇಕ ಖಾಲಿ. ಹವಳದ ಅಂತರ ಈಗ 2ರ ಆಸುಪಾಸು. ಉಳಿದಿದ್ದು ಚೌಕಟ್ಟಿನ ಅಂಚಿನ ಮಸುಕು ಚುಕ್ಕೆಗಳು. ಅವಕ್ಕೆ ಏನು ಮಾಡೋದು?

ನವಿಲುತೀರ್ಥ:

ಗುರುತು ಸಿಗಲಿಲ್ಲ ಅಂತ ಒಂದು ಕೋಡ್ ಮಾಡಿ, ಧೈರ್ಯವಾಗಿ ಹಾಕಿ. ಎಷ್ಟು ಬಂತು ಅನ್ನೋದನ್ನೂ ವರದಿಯಲ್ಲಿ ತೋರಿಸಿ. ಅದು ಜಾಸ್ತಿ ಬಂದರೆ ಕ್ಯಾಮೆರಾ ನೇರ ಮೇಲಿಂದ ಹಿಡಿದಿಲ್ಲದೇ ಇರಬಹುದು. ಮುಂದಿನ ಸಲ ಚೌಕಟ್ಟಿಗೆ ನಾಲ್ಕು ಕಾಲು ಕಟ್ಟಿ, ಮೇಲೆ ಕ್ಯಾಮೆರಾ ಕೂರಿಸಿ. ಎತ್ತರವೂ ಒಂದೇ ಇರುತ್ತೆ, ಓರೆಯೂ ಆಗಲ್ಲ. ಬೆಳಿಗ್ಗೆ ಇಳಿಯಿರಿ, ಬಿಸಿಲು ಓರೆಯಾಗಿರುತ್ತೆ, ನಿಮ್ಮ ನೆರಳು ಪಕ್ಕಕ್ಕೆ ಬೀಳುತ್ತೆ. ಈಗ ಪೂರ್ತಿ 40 ಫೋಟೊ ಹೊಸ ನಿಯಮದಲ್ಲಿ ಮತ್ತೆ ಎಣಿಸಿ. ಹಳೆಯ ಎರಡು ಎಣಿಕೆಯ ಸರಾಸರಿ ಹಾಕಿ ಮುಗಿಸಬೇಡಿ.

ವಿದ್ಯಾಗಿರಿ_ಅಲೆ:

ಸರಾಸರಿ ಹಾಕೋಣ ಅಂತ ಇವನು ಈಗಷ್ಟೇ ಮೆಸೇಜ್ ಮಾಡಿದ್ದ. 1ರಿಂದ 20 ನಾನು, 21ರಿಂದ 40 ಅವನು, ನಡುವೆ ಐದು ಫೋಟೊ ಇಬ್ಬರೂ. ಹೊಸ ಕೋಡ್ ಪಟ್ಟಿ ಮೇಲೆ ಲಗತ್ತಿಸಿದ್ದೇನೆ, ನೇತ್ರಾಣಿಗೆ ಹೋಗುವವರಿಗೂ ಬೇಕಾದರೆ ತೆಗೆದುಕೊಳ್ಳಿ.