ಐವತ್ತರ ಹತ್ತಿರ, ಟೆಕ್ನೋ ಬಿಡೋ ಮನಸ್ಸಿಲ್ಲ: ಕಿವಿ, ಮಂಡಿ, ನಿದ್ದೆ ಹೇಗೆ ನಿಭಾಯಿಸೋದು?

ನಾಲ್ಕರತಾಳ:
ವಯಸ್ಸು 48. ದಿನಕ್ಕೊಂದು ಬಿಪಿ ಮಾತ್ರೆ (ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಹೆಚ್ಚಿಸುವ ಔಷಧಿ ಸೇರಿದ್ದು), ಓದೋಕೆ +2ರ ಚಾಳೀಸು. ಟೆಕ್ನೋಗೆ (ಯಂತ್ರದ ತಾಳದ ಕುಣಿತದ ಸಂಗೀತ) ಕುಣಿಯೋಕೆ ಅಂತ ಬರುವ ಜೂನ್‌ನಲ್ಲಿ ಬರ್ಲಿನ್‌ನಲ್ಲಿ ಒಂದು ವಾರಾಂತ್ಯ, ಡಿಸೆಂಬರ್‌ನಲ್ಲಿ ಗೋವಾ. ರಾತ್ರಿ ಎರಡಾಗೋ ಹೊತ್ತಿಗೆ ಮಂಡಿ, ಹಿಮ್ಮಡಿ ನೋವು. ಮಾರನೇ ದಿನ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ನಿದ್ದೆ ಸರಿಹೋಗೋಕೆ ಬುಧವಾರ ಬರಬೇಕು. ಏನು ಬದಲಾಯಿಸಬೇಕು? "ವಯಸ್ಸಾಯ್ತು, ಮನೇಲಿರಿ" ಅನ್ನೋ ಉತ್ತರ ಬೇಡ.

ಕಿವಿಮಾತು:
ಮೊದಲು ಕಿವಿ ನೋಡ್ಕೊಳ್ಳಿ. ಮಂಡಿ ನೋವು ವಾರದಲ್ಲಿ ಇಳಿಯುತ್ತೆ, ಕೆಟ್ಟ ನಿದ್ದೆಯೂ ಸರಿಹೋಗುತ್ತೆ. ಒಳಗಿವಿಯ ರೋಮಕೋಶ ಮಾತ್ರ ಸತ್ತರೆ ಮತ್ತೆ ಹುಟ್ಟಲ್ಲ.

ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಸಂಸ್ಥೆ ನಿಯೋಶ್ ಹೇಳುವ ಸದ್ದಿನ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧ ಆಗುತ್ತೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಹೇಳಿದ ಸರಾಸರಿ ಮಿತಿಯೇ 100. ಜರ್ಮನಿಯ ಡಿನ್ 15905-5 ಮಾನದಂಡದಲ್ಲಿ ಅರ್ಧ ಗಂಟೆಯ ಸರಾಸರಿ 99. ಹಾಗಾಗಿ ನಿಯಮ ಪಾಲಿಸುವ ಕ್ಲಬ್‌ನಲ್ಲೂ ಬರಿಗಿವಿಯ ದಿನದ ಪಾಲು ಕಾಲು ಗಂಟೆಯಲ್ಲಿ ಮುಗಿದುಹೋಗುತ್ತೆ.

ಅದಕ್ಕೇ ಕಿವಿಗೆ ಪ್ಲಗ್ (ಬಿರಡೆ) ಬೇಕು. ಮೆಡಿಕಲ್ ಶಾಪಿನ ಫೋಮ್ ಪ್ಲಗ್ ಏರುಸ್ವರಗಳನ್ನೇ ಹೆಚ್ಚು ನುಂಗುತ್ತೆ. ಹೈ-ಹ್ಯಾಟ್ (ತಾಳದ ಚಿಸ್ ಸದ್ದು) ಮಾಯ, ಕಿಕ್ (ಡ್ರಮ್ಮಿನ ಧಿಮ್ ಸದ್ದು) ಮಾತ್ರ ಕಂಬಳಿ ಹೊದ್ದ ಹಾಗೆ ಕೇಳುತ್ತೆ. ಜನ ಅದನ್ನ ಕಿತ್ತು ಜೇಬಿಗೆ ಹಾಕೋದು ಇದಕ್ಕೇ. ಫಿಲ್ಟರ್ ಇರುವ ಪ್ಲಗ್ ತಗೊಳ್ಳಿ, ಎಟಿಮೋಟಿಕ್ ಇಆರ್-20 ಥರದ್ದು. ಎಲ್ಲ ಸ್ವರವನ್ನೂ ಹೆಚ್ಚುಕಮ್ಮಿ ಸಮನಾಗಿ, ಸುಮಾರು 12 ಡೆಸಿಬೆಲ್ ಇಳಿಸುತ್ತೆ. 100 ಇದ್ದಲ್ಲಿ ನಿಮಗೆ 88, ಅಂದ್ರೆ 4 ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ಇರೋರಿಗೆ ಕಿವಿಯ ಅಚ್ಚು ತೆಗೆಸಿ ಮಾಡಿಸುವ ಪ್ಲಗ್, 15 ಡೆಸಿಬೆಲ್ ಇಳಿಸುವ ಫಿಲ್ಟರ್ ಹಾಕಿದ್ದು. ಅಚ್ಚಿಗೆ ಹೋಗೋ ಮುಂಚೆ ಗುಗ್ಗೆ ತೆಗೆಸಿ. ಅಚ್ಚು ಕಿವಿನಾಳದ ಎರಡನೇ ತಿರುವಿನವರೆಗೂ ಹೋಗಬೇಕು, ಅಲ್ಲಿಗೆ ಮುಟ್ಟದಿದ್ದರೆ ದವಡೆ ಆಡಿಸಿದಾಗ ಸಂದಿ ಬಿಟ್ಟು ಸದ್ದು ನುಗ್ಗುತ್ತೆ.

ಹಾಕೋವಾಗ ಎದುರುಗೈಯನ್ನ ತಲೆ ಮೇಲಿಂದ ತಂದು ಕಿವಿಯನ್ನ ಮೇಲಕ್ಕೆ, ಹಿಂದಕ್ಕೆ ಎಳೆದು, ಆಮೇಲೆ ಒಳಗೆ ತಳ್ಳಿ. ನಿಮ್ಮದೇ ದನಿ ತಲೆಯೊಳಗೆ ಗುಡುಗಿದ ಹಾಗೆ ಕೇಳಿದರೆ ಸರಿಯಾಗಿ ಕೂತಿದೆ ಅಂತ.

ಎಲ್ಲರೂ ಮಾಡುವ ತಪ್ಪು ಅಂದ್ರೆ ಮಾತಾಡೋಕೆ ಅಂತ ಪ್ಲಗ್ ತೆಗೆಯೋದು. 4 ಗಂಟೆಯಲ್ಲಿ ಒಟ್ಟು ಅರ್ಧ ಗಂಟೆ ತೆಗೆದಿಟ್ಟರೂ, ಆ ಅರ್ಧ ಗಂಟೆಯೊಂದೇ ದಿನದ ಪಾಲಿನ ಎರಡರಷ್ಟಾಗುತ್ತೆ. ಮಾತಿದ್ದರೆ ಹೊರಗೆ ಬಂದು ಆಡಿ.

ಹೋಗೋ ಮುಂಚೆ ಒಂದು ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತೆ ಅನ್ನೋ ನಕ್ಷೆ) ಮಾಡಿಸಿಟ್ಟುಕೊಳ್ಳಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಆಗುತ್ತೆ, ಊರಿನ ಇಎನ್‌ಟಿ ಹತ್ತಿರವೂ ಆಗುತ್ತೆ. 4 ಕಿಲೋಹರ್ಟ್ಸ್ ಆಸುಪಾಸಲ್ಲಿ ಗೆರೆ ಗುಂಡಿ ಬಿದ್ದಿದ್ದರೆ ಸಾಮಾನ್ಯವಾಗಿ ಅದು ಸದ್ದಿನ ಪೆಟ್ಟು, 8ರ ಕಡೆಗೆ ನಿಧಾನ ಇಳಿಜಾರಾದರೆ ವಯಸ್ಸಿನದು. ಒಂದು ಕಿವಿ ದಿಢೀರನೆ ಮಂಕಾದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ತೋರಿಸಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ತಡವಾದಷ್ಟೂ ಕೈಕೊಡುತ್ತೆ.

ಮುಂಜಾವಿನ_ಕಿಕ್:
ನಿದ್ದೆ ವಿಷಯಕ್ಕೆ ಬರ್ತೀನಿ. ರಾತ್ರಿ ಹನ್ನೆರಡಕ್ಕೆ ಹೋಗೋ ಅಭ್ಯಾಸವನ್ನೇ ಬಿಡಿ, ಬೆಳಿಗ್ಗೆ ಹೋಗಿ. ಬರ್ಲಿನ್‌ನ ಟೆಕ್ನೋ ಕ್ಲಬ್ ಬರ್ಗೈನ್‌ನ ಕ್ಲುಬ್‌ನಾಖ್ಟ್ (ವಾರಾಂತ್ಯದ ಪಾರ್ಟಿ) ಶನಿವಾರ ಮಧ್ಯರಾತ್ರಿ ಶುರುವಾದರೆ ಸೋಮವಾರ ಬೆಳಿಗ್ಗೆವರೆಗೂ ನಡೆಯುತ್ತೆ. ಭಾನುವಾರ ಬೆಳಿಗ್ಗೆ ಎಂಟರ ಮೇಲೆ ಹೋಗೋರಲ್ಲಿ ನಲವತ್ತು ದಾಟಿದೋರು ಬೇಕಾದಷ್ಟು.

ಭಾರತದಿಂದ ಹೋಗೋರಿಗೆ ಇದರಲ್ಲಿ ಇನ್ನೊಂದು ಲಾಭ. ಜೂನ್‌ನಲ್ಲಿ ಬರ್ಲಿನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯರಾತ್ರಿ ಅಂದರೆ ನಿಮ್ಮ ದೇಹಕ್ಕೆ ಬೆಳಗಿನ ಜಾವ ಮೂರೂವರೆ, ತೂಕಡಿಕೆ ಜೋರಿರುವ ಹೊತ್ತು. ಅಲ್ಲಿ ಬೆಳಿಗ್ಗೆ ಐದು ಅಂದರೆ ದೇಹಕ್ಕೆ ಎಂಟೂವರೆ. ಶನಿವಾರ ಒಂಬತ್ತಕ್ಕೆ ಮಲಗಿ, ಐದಕ್ಕೆ ಎದ್ದು, ಹೊಟ್ಟೆ ತುಂಬ ತಿಂದು ಹೋಗಿ. ಮಧ್ಯಾಹ್ನ ಮೂರಕ್ಕೆ ಹೊರಬಂದರೂ ಏಳು ಗಂಟೆ ಕುಣಿತ ಆಗಿರುತ್ತೆ, ಭಾನುವಾರದ ನಿದ್ದೆಗೂ ಧಕ್ಕೆ ಇಲ್ಲ.

ರಾತ್ರಿಯೇ ಹೋಗಬೇಕಾದರೆ ಸಂಜೆ ಒಂದೂವರೆ ಗಂಟೆ ಮಲಗಿ. ಕಾಫಿಯ ಅರ್ಧ ಭಾಗ ರಕ್ತದಿಂದ ಇಳಿಯೋಕೇ ಐದಾರು ಗಂಟೆ ಬೇಕು, ಆರಕ್ಕೆ ಮಲಗೋರು ಹನ್ನೆರಡರ ಮೇಲೆ ಮುಟ್ಟಬಾರದು. ವಾಪಸ್ ಬರೋವಾಗ ತಂಪು ಕನ್ನಡಕ ಇರಲಿ, ಮುಂಜಾವಿನ ಬಿಸಿಲು ಬಿದ್ದರೆ ನಿದ್ದೆ ಹಾರುತ್ತೆ.

ಗೋವಾದಲ್ಲಿ ಕಾನೂನೇ ನಿಮ್ಮ ಪರ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಅದಕ್ಕೇ ಬಯಲು ಪಾರ್ಟಿಗಳು ಮಧ್ಯಾಹ್ನವೇ ಶುರುವಾಗ್ತವೆ. ಸೂರ್ಯ ಮುಳುಗೋ ಹೊತ್ತಿನ ಸೆಟ್‌ಗೆ ಹೋಗಿ.

ಇನ್ನು "ಅಂಕಲ್" ಅಂತ ನೋಡೋರ ಬಗ್ಗೆ. ಟೆಕ್ನೋದ ಹೆಸರಾಂತ ಡಿಜೆಗಳಲ್ಲಿ ಕಾರ್ಲ್ ಕಾಕ್ಸ್ ಹುಟ್ಟಿದ್ದು 1962ರಲ್ಲಿ, ಜೆಫ್ ಮಿಲ್ಸ್ 1963ರಲ್ಲಿ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ 808 (ಡ್ರಮ್), 303 (ಬಾಸ್) ಅನ್ನೋ ಯಂತ್ರಗಳ ಮೇಲೆ ರಾಗ ನುಡಿಸಿದವರು, ಎಪ್ಪತ್ತು ದಾಟಿದ ಮೇಲೆ ಯೂರೋಪಿನ ವೇದಿಕೆ ಹತ್ತಿದರು. 1988ರಲ್ಲಿ ಬ್ರಿಟನ್ನಿನಲ್ಲಿ ಆಸಿಡ್ ಹೌಸ್ ಅನ್ನೋ ಕುಣಿತದ ಸಂಗೀತ ಹಬ್ಬಿದ ಬೇಸಿಗೆಯಲ್ಲಿ ಇಪ್ಪತ್ತು ತುಂಬಿದ್ದೋರಿಗೆ ಈಗ ಅರುವತ್ತು ಹತ್ತಿರ. ಈ ಸಂಗೀತ ಕಟ್ಟಿದ ತಲೆಮಾರೇ ನಿಮಗಿಂತ ಹಿರಿದು. ಧೈರ್ಯವಾಗಿ ಹೋಗಿ.

ಮಂಡಿಚಿಪ್ಪು:
130 ಬಿಪಿಎಂನಲ್ಲಿ (ನಿಮಿಷಕ್ಕೆ 130 ಬೀಟ್) 4 ಗಂಟೆ ಅಂದ್ರೆ 31,200 ಬೀಟ್. ಪ್ರತಿ ಬೀಟಿಗೂ ಕಾಂಕ್ರೀಟಿನ ಮೇಲೆ ಹೆಜ್ಜೆ ಕುಟ್ಟಿದರೆ ಯಾವ ಮಂಡಿಯೂ ತಡೆಯಲ್ಲ. ಕಾಲು ಎರಡು ಬೀಟಿಗೊಮ್ಮೆ, ಉಳಿದದ್ದು ಸೊಂಟ, ಭುಜದಲ್ಲಿ. ಅಲ್ಲಿಗೆ ಹೊಡೆತ ಅರ್ಧ. ಮರದ ನೆಲ ಇದ್ದರೆ ಅಲ್ಲೇ ಜಾಗ ಹಿಡಿಯಿರಿ.

ಶೂ ಮೆತ್ತಗಿರಲಿ, ಆದರೆ ಅಡಿ ಅಂಟುವಂಥದ್ದು ಬೇಡ. ಬಿಯರ್ ಚೆಲ್ಲಿದ ನೆಲದಲ್ಲಿ ಪಾದ ಅಂಟಿಕೊಂಡು ಮೈ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಗೇ ಬೀಳುತ್ತೆ. ಹಿಮ್ಮಡಿಗೆ ಈಗಿಂದಲೇ ಮೆಟ್ಟಿಲಂಚಿನಲ್ಲಿ ನಿಂತು ಏರಿ ಇಳಿಯಿರಿ: 15ರಂತೆ 3 ಸುತ್ತು, ವಾರಕ್ಕೆ 3 ದಿನ, ಇಳಿಯೋದು ನಿಧಾನವಾಗಿ. ಹೋಗೋ ಹಿಂದಿನ ವಾರ ಶುರುಮಾಡಿದರೆ ಪ್ರಯೋಜನ ಇಲ್ಲ, ನೋವೇ ಜಾಸ್ತಿಯಾಗುತ್ತೆ.

ನಿಮ್ಮ ಮಾತ್ರೆ ವಿಷಯ ಗಮನವಿಟ್ಟು ಓದಿ. ಮಂಡಿನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿ ಕುಣಿಯಬೇಡಿ. ಟೆಲ್ಮಿಸಾರ್ಟನ್, ಮೂತ್ರದ ಔಷಧಿ, ಈ ನೋವಿನ ಮಾತ್ರೆ ಮೂರೂ ಸೇರಿ, ಮೇಲೆ ಬೆವರಿ ನೀರು ಕಮ್ಮಿಯಾದರೆ ಕಿಡ್ನಿಗೆ ಪೆಟ್ಟು. ಬೇಕೇ ಬೇಕಾದರೆ ಪ್ಯಾರಾಸಿಟಮಾಲ್, ಅದೂ ಕುಡಿಯದಿದ್ದಾಗ. ಆ ದಿನ ಬಿಪಿ ಮಾತ್ರೆ ಯಾವಾಗ ತಗೋಬೇಕು ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ಬಿಡಬೇಡಿ.

ಕುಣಿಯೋವಾಗ ಗಂಟೆಗೆ ಒಂದು ಲೋಟ, 250 ಎಂಎಲ್ ನೀರು ಸಾಕು, ಸೆಖೆ ಹೆಚ್ಚಿದ್ದರೆ ಎರಡು. ಮೂತ್ರದ ಔಷಧಿ ತಗೊಳ್ಳೋರು ಬರೀ ನೀರನ್ನ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ತಲೆಸುತ್ತು, ಗೊಂದಲ ಶುರುವಾಗುತ್ತೆ. ನಡುವೆ ಏನಾದರೂ ಉಪ್ಪಿನದು ತಿನ್ನಿ. ಎಂಡಿಎಂಎ ಥರದ ಮಾದಕವಸ್ತು ಹೃದಯಬಡಿತ, ಬಿಪಿ, ಮೈಬಿಸಿ ಮೂರನ್ನೂ ಏರಿಸುತ್ತೆ, ಬಿಪಿ ಇರೋರು ಅದರಿಂದ ದೂರ ಇರಬೇಕು. ಎದೆ ಹಿಂಡಿದ ಹಾಗಾದರೆ ಗ್ಯಾಸ್ ಅಂತ ಕೂರದೆ ಅಲ್ಲಿಯ ಸಿಬ್ಬಂದಿಗೆ ಹೇಳಿ, ಏನು ತಗೊಂಡಿದ್ದೀರೋ ಅದನ್ನೂ ಮುಚ್ಚಿಡದೆ ಹೇಳಿ.

ನಾಲ್ಕರತಾಳ:
ತುಂಬ ಉಪಕಾರ, ಬೆಳಿಗ್ಗೆ ಹೋಗೋದು ಹೊಳೆದೇ ಇರಲಿಲ್ಲ. ಇನ್ನೊಂದು: ನಾನೇ ಡಿಜೆ ಮಾಡೋಕೆ ಡೆಕ್ ಮುಂದೆ ನಿಂತಾಗ ಸಿಡಿಜೆ (ಹಾಡು ನುಡಿಸುವ ಯಂತ್ರ) ಪರದೆ ಚಾಳೀಸು ಹಾಕಿದರೂ ಮಸುಕು, ತೆಗೆದರೂ ಮಸುಕು. ಪವರ್ ಏರಿಸಬೇಕಾ?

ಕಿವಿಮಾತು:
ಇಳಿಸಬೇಕು. +2ರ ಗಾಜಿನಲ್ಲಿ 50 ಸೆಂಟಿಮೀಟರ್‌ನಿಂದ ಆಚೆ ಇರೋದೆಲ್ಲ ಮಸುಕೇ. ನಿಂತಾಗ ಕಣ್ಣಿನಿಂದ ಪರದೆಗೆ 65-70 ಇರುತ್ತೆ. ಟೇಪ್ ಹಿಡಿದು ಅಳೆದು, ಆ ಅಳತೆ ಹೇಳಿ +1.25ರ ಇನ್ನೊಂದು ಜೊತೆ ಮಾಡಿಸಿ, 80ರವರೆಗೂ ಚೊಕ್ಕ ಕಾಣುತ್ತೆ. ಪ್ರೋಗ್ರೆಸಿವ್ ಗಾಜು (ದೂರಕ್ಕೆ ಮೇಲೆ, ಹತ್ತಿರಕ್ಕೆ ಕೆಳಗೆ ನೋಡುವಂಥದ್ದು) ಬೇಡ, ಹಾಡು ಬೆರೆಸುವ ಮಿಕ್ಸರ್ ನೋಡೋಕೆ ಗದ್ದ ಎತ್ತಿ ಎತ್ತಿ ಕತ್ತು ಹಿಡಿಯುತ್ತೆ. ಕಡ್ಡಿ ತೆಳ್ಳಗಿರಲಿ, ದಪ್ಪ ಇದ್ದರೆ ಹೆಡ್‌ಫೋನ್ ಕೆಳಗೆ ಸಂದಿ ಬೀಳುತ್ತೆ, ಕ್ಯೂ (ಹೆಡ್‌ಫೋನಿನಲ್ಲಿ ಮೊದಲೇ ಕೇಳುವ ಮುಂದಿನ ಹಾಡು) ಕೇಳಿಸ್ತಿಲ್ಲ ಅಂತ ವಾಲ್ಯೂಮ್ ಏರಿಸೋದು ಅಲ್ಲೇ ಶುರುವಾಗೋದು.