ಅಪ್‌ಡೇಟ್: ಬಿಲ್ಲಿಂಗ್ ಸಾಫ್ಟ್‌ವೇರ್ ಪರೀಕ್ಷೆಗೆ ಗ್ರಾಹಕರನ್ನು ಸೇರಿಸಿಕೊಳ್ಳುವುದು

ಸಣ್ಣ ವ್ಯಾಪಾರಗಳ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಪರೀಕ್ಷೆಗೆ ಎಷ್ಟು ಗ್ರಾಹಕರು ಬೇಕು, ಅವರಿಂದ ಏನು ಮಾಡಿಸಬೇಕು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಈಗ ಗಟ್ಟಿಯಾಗಿರುವ ಕ್ರಮ ಹೀಗಿದೆ.

ಪರೀಕ್ಷೆಯ ಒಂದು ಸುತ್ತಿಗೆ 5 ಜನ ಸಾಕು. ಒಬ್ಬ ಬಳಕೆದಾರರಿಂದ ಸರಾಸರಿ ಶೇ. 31ರಷ್ಟು ತೊಡಕು ಬಯಲಾಗುತ್ತದೆ ಎಂಬ, ಸಾಫ್ಟ್‌ವೇರ್ ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡವರ್ ಅವರ ಲೆಕ್ಕದಲ್ಲಿ ಐವರಿಗೆ ಸುಮಾರು ಶೇ. 85 ಆಗುತ್ತದೆ. ಆದರೆ ಇದು ಒಂದೇ ಬಗೆಯ ಬಳಕೆದಾರರಿಗೆ ಮಾತ್ರ. ಕೌಂಟರಿನಲ್ಲಿ ಬಿಲ್ ಹಾಕುವವರು, ಲೆಕ್ಕ ಬರೆಯುವವರು, ಮಾಲೀಕರು ಬೇರೆ ಬೇರೆ ಗುಂಪು. ಮಾಲೀಕರನ್ನಷ್ಟೇ ಕರೆದರೆ ವರದಿಗಳು ಸುಧಾರಿಸುತ್ತವೆ, ಬಿಲ್ ಹಾಕುವ ಸ್ಕ್ರೀನ್ ಹಾಗೇ ಉಳಿಯುತ್ತದೆ.

‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ. ಅದರ ಬದಲು ಕೆಲಸ ಕೊಡಿ: ಮೂರು ವಸ್ತುಗಳಿಗೆ ಬಿಲ್ ಹಾಕಿ ಒಂದನ್ನು ವಾಪಸ್ ಪಡೆಯುವುದು, ಅರ್ಧ ನಗದು ಅರ್ಧ ಸಾಲ ಬರೆಯುವುದು. ಬಿಲ್ ಮಧ್ಯದಲ್ಲೇ ನೆಟ್‌ವರ್ಕ್ ತೆಗೆದುಬಿಡಿ. ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ. ಬಾಯಿಬಿಟ್ಟು ದಾರಿ ತೋರಿಸಿದರೆ ಆ ಪರೀಕ್ಷೆ ಕೆಟ್ಟಂತೆಯೇ. ಅವರು ಎಲ್ಲಿ ತಡವರಿಸಿದರು, ಯಾವಾಗ ಕಾಗದ ಪೆನ್ನು ಎತ್ತಿಕೊಂಡರು ಎಂಬುದನ್ನು ಬರೆದುಕೊಳ್ಳಿ. ಅತ್ಯಂತ ಬೆಲೆಯುಳ್ಳ ಮಾಹಿತಿ ಅದೇ.

ಬೀಟಾವನ್ನು (ಬಿಡುಗಡೆಗೆ ಮುಂಚಿನ ಪ್ರಯೋಗದ ಆವೃತ್ತಿಯನ್ನು) ಹಳೆಯ ಪದ್ಧತಿಯ ಜೊತೆಜೊತೆಗೇ ಒಂದು ಪೂರ್ತಿ ತಿಂಗಳು ಓಡಿಸಿ. ಪೈಸೆಗಳನ್ನು ಪೂರ್ಣಾಂಕ ಮಾಡುವಾಗಿನ ವ್ಯತ್ಯಾಸ, ಆರಂಭಿಕ ಸ್ಟಾಕಿನ ತಪ್ಪು ಇವೆಲ್ಲ ಹೆಚ್ಚಾಗಿ ತಿಂಗಳ ಕೊನೆಯ ತಾಳೆಯಲ್ಲೇ ಸಿಕ್ಕಿಬೀಳುತ್ತವೆ. ಗ್ರಾಹಕರ ಅಸಲಿ ಡೇಟಾ ತರಿಸಿಕೊಂಡರೆ ಮೊದಲು ಹೆಸರು, ಫೋನ್ ನಂಬರ್ ಅಳಿಸಿ.

ದೋಷ ತಿಳಿಸುವ ಫಾರ್ಮ್‌ನಲ್ಲಿ ನಾಲ್ಕೇ ಸಾಲು: ಆವೃತ್ತಿ, ಮಾಡಿದ ಹೆಜ್ಜೆಗಳು, ಆಗಬೇಕಿದ್ದದ್ದು, ಆದದ್ದು.